ನಿಲ್ಲಬೇಕಾದಲ್ಲಿ ನಿಲ್ಲುವುದು

ಕೆನಡಾದ ವಿನಿಪೆಗ್‌ನಲ್ಲಿ ಜನವರಿಯ ಮುಂಜಾನೆ ಮೈನಸ್ 30 ಡಿಗ್ರಿಗೆ ಇಳಿಯುವುದುಂಟು. ಅಲ್ಲಿ ನೆಲೆಸಿರುವ ಮಗನು, ಮನೆಯೊಳಗಿಂದಲೇ ಎಂಜಿನ್ ಚಾಲೂ ಮಾಡುವ ರಿಮೋಟ್ ಸಾಧನವನ್ನು ತನ್ನ ಕಾರಿಗೆ ಅಳವಡಿಸಿದನು. ಕಾರನ್ನು ಗ್ಯಾರೇಜಿನಿಂದ ಹೊರತಂದು ಗುಂಡಿ ಒತ್ತಿದೊಡನೆ ಎಂಜಿನ್ ಚಾಲೂ ಆಯಿತು. ಬ್ರೇಕ್ ತುಳಿದಾಗ ನಿಂತಿತು. "ಸಾಕು ಬಾ ಮಗನೇ, ಚಳಿ" ಎಂದೆ.

"ಇನ್ನೊಂದು ಪರೀಕ್ಷೆಯಿದೆ ಅಪ್ಪಾ, ದೂರ ನಿಲ್ಲಿ" ಎಂದವನು ಬಾನೆಟ್ ತೆರೆದು, ಹಿಂದೆ ಸರಿದು ಮತ್ತೆ ಒತ್ತಿದನು. ಚಾಲೂ ಆಗಬಾರದಿದ್ದ ಎಂಜಿನ್ ಚಾಲೂ ಆಯಿತು! ಬಾನೆಟ್ಟಿನ ಸ್ವಿಚ್ಚಿನ ತಂತಿ ಸಡಿಲವಾಗಿತ್ತು. ಯಾರದಾದರೂ ಕೈ ಬೆಲ್ಟಿನ ಬಳಿಯಿದ್ದಿದ್ದರೆ? ಸರಿಪಡಿಸಿ ಪುನಃ ಪರೀಕ್ಷಿಸಿದನು. ಗ್ಯಾರೇಜಿನೊಳಗಿರುವಾಗ ಎಂದೂ ಗುಂಡಿ ಒತ್ತಬಾರದೆಂದು ಮನೆಯವರಿಗೆಲ್ಲ ಹೇಳಿದನು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಅದು ಕೊಲ್ಲಬಲ್ಲದು.

ಆ ರಾತ್ರಿಯ ಆತ್ಮಶೋಧನೆಯಲ್ಲಿ, ಮಾಡಿದ ಒಳಿತನ್ನು ಎಣಿಸುವ ಬದಲು, ನಿಲ್ಲಬೇಕಾದಲ್ಲಿ ನನ್ನ ನಾಲಿಗೆ ನಿಂತಿತೇ ಎಂದು ಕೇಳಿಕೊಂಡೆ.