ಗಣಕಯಂತ್ರವೂ ಹಸಿಯ ಸೌದೆಯೂ

ಮನೆಯಲ್ಲಿ ಒಂದು ವಸ್ತುವು ಕೆಟ್ಟರೆ, ಕೆಟ್ಟದ್ದು ಯಾವುದೆಂದು ತಿಳಿಯುವುದಕ್ಕೆ ಮೊದಲೇ ಕೆಡಿಸಿದವರು ಯಾರೆಂದು ನಿರ್ಣಯಿಸುವುದು ಗೃಹಸ್ಥರಾದ ನಮ್ಮೆಲ್ಲರ ವಾಡಿಕೆಯಾಗಿದೆ. ಗಡಿಯಾರವು ನಿಂತರೆ ಅದನ್ನು ಕೊನೆಗೆ ಮುಟ್ಟಿದ ಮಗುವೂ, ಮಿಕ್ಸಿಯು ನಿಂತರೆ ಕೊನೆಗೆ ಚಟ್ನಿ ಅರೆದ ಸೊಸೆಯೂ ಅಪರಾಧಿಗಳಾಗುವರು. ನಮ್ಮ ತಾರ್ಕಿಕರು ಈ ಬಗೆಯ ತೀರ್ಮಾನಕ್ಕೆ ಕಾಕತಾಲೀಯವೆಂದು ಹೆಸರಿಟ್ಟಿದ್ದಾರೆ. ಕಾಗೆಯು ಕುಳಿತುದೂ ತಾಳೆಯ ಹಣ್ಣು ಬಿದ್ದುದೂ ಒಂದೇ ಕ್ಷಣದಲ್ಲಾದ ಮಾತ್ರಕ್ಕೆ ಕಾಗೆಯೇ ಹಣ್ಣನ್ನು ಕೆಡವಿತೆನ್ನಲಾಗದು. ಮೂವತ್ತು ವರ್ಷಕಾಲ ಹುಡುಗರಿಗೆ ಸಂಸ್ಕೃತವನ್ನು ಹೇಳಿಕೊಟ್ಟ ನನಗೆ ಈ ನ್ಯಾಯವು ಕಳೆದ ದಸರೆಯ ರಜೆಯಲ್ಲಿ ಒಂದು ತಗಡಿನ ಪೆಟ್ಟಿಗೆಯ ಮುಂದೆ ಉಪಯೋಗಕ್ಕೆ ಬರುವುದೆಂದು ಯಾರು ತಾನೆ ಎಣಿಸಿದ್ದರು!

ನನ್ನ ಮಗಳು ತನ್ನ ಮಗುವಿನೊಡನೆ ನಮ್ಮಲ್ಲಿಯೇ ಇರುವಳು. ಮುದ್ರಣಾಲಯಗಳಿಗೆ ಪುಸ್ತಕದ ಪುಟಗಳನ್ನು ಗಣಕಯಂತ್ರದಲ್ಲಿ ಜೋಡಿಸಿಕೊಡುವುದು ಅವಳ ಜೀವನೋಪಾಯ. ಆ ಯಂತ್ರವು ಅಂಗಡಿಯಲ್ಲಿ ಸಿದ್ಧವಾಗಿ ಬಂದುದಲ್ಲ; ನನ್ನ ತಂಗಿಯ ಮಗನು ಬಿಡಿಭಾಗಗಳನ್ನು ತಂದು ತಾನೇ ಕೂಡಿಸಿದ್ದು. ಚಿತ್ರಗಳು ಹೆಚ್ಚಾದಂತೆ ಅದು ನಿಧಾನವಾಯಿತೆಂದು, ರೈಜನ್ 3 2200ಜಿ ಎಂಬ ಹಳೆಯ ಪ್ರೊಸೆಸರನ್ನು ತೆಗೆದು ರೈಜನ್ 5 5600ಜಿ ಎಂಬುದನ್ನು ಕೂರಿಸಿದನು. ಅದರೊಡನೆಯೇ 8 ಗಿಗಾಬೈಟಿನ ಹಳೆಯ ರ‍್ಯಾಮನ್ನು ತೆಗೆದು 16ರದನ್ನು ಹಾಕಿದನು. ಗುಂಡಿಯನ್ನು ಒತ್ತಿದಾಗ ಫ್ಯಾನುಗಳು ತಿರುಗಿದವು, ದೀಪವು ಹತ್ತಿತು. ಪರದೆಯು ಮಾತ್ರ ಅಮಾವಾಸ್ಯೆಯಂತೆ ಕಪ್ಪಾಗಿಯೇ ಉಳಿಯಿತು.

ದೀಪಾವಳಿಯೊಳಗೆ ಒಪ್ಪಿಸಬೇಕಾದ 400 ಪುಟಗಳ ಗ್ರಂಥವೊಂದು ಆ ಪೆಟ್ಟಿಗೆಯೊಳಗಿತ್ತು. ಹಿಂದಿನ ಹದಿನೈದು ದಿನಗಳ ಕೆಲಸಕ್ಕೆ ಬೇರೆ ಪ್ರತಿಯಿರಲಿಲ್ಲ. ಮಗುವಿನ ಶಾಲೆಯ ಎರಡನೆಯ ಕಂತಿನ ಹಣವೂ ಅದರಿಂದಲೇ ಬರಬೇಕಾಗಿದ್ದಿತು. ರಿಪೇರಿಯ ಅಂಗಡಿಯವನೊಬ್ಬನು ಬಂದು ನೋಡಿ, ಹಿಂದಿನ ಸಂಜೆ ಗುಡುಗು ಮಿಂಚು ಬಂದಿದ್ದುದನ್ನು ಕೇಳಿ ತಿಳಿದುಕೊಂಡು, ಮದರ್‌ಬೋರ್ಡು ಸುಟ್ಟುಹೋಗಿದೆಯೆಂದೂ 11 ಸಾವಿರ ರೂಪಾಯಿ ಆಗುವುದೆಂದೂ ಹೇಳಿ ಕಾಫಿ ಕುಡಿದು ಹೊರಟನು. ಸುಟ್ಟ ಗುರುತನ್ನು ಮಾತ್ರ ಅವನು ತೋರಿಸಲಿಲ್ಲ. ಮಗಳು ಏನೂ ಹೇಳದೆ ಅಡಿಗೆಯ ಮನೆಗೆ ಹೋದಳು.

ನನಗೆ ವಿದ್ಯುತ್ತಿನ ಶಾಸ್ತ್ರವು ಗೊತ್ತಿಲ್ಲ. ಆದರೆ ಕಾರಣವನ್ನು ಹುಡುಕುವ ಕ್ರಮವು ಎಲ್ಲ ಶಾಸ್ತ್ರಗಳಿಗೂ ಒಂದೇ ಅಲ್ಲವೆ? ಯಾವುದು ಇದ್ದರೆ ಕಾರ್ಯವು ಇರುವುದೋ, ಯಾವುದು ಇಲ್ಲದಿದ್ದರೆ ಇರದೋ ಅದು ಕಾರಣ, ಇದೇ ಅನ್ವಯವ್ಯತಿರೇಕ. ಎರಡು ವಸ್ತುಗಳನ್ನು ಒಟ್ಟಿಗೆ ಬದಲಾಯಿಸಿರುವಾಗ ಅವನ್ನು ಬೇರೆಬೇರೆಯಾಗಿ ಪರೀಕ್ಷಿಸಬೇಕು. “ಮೊದಲು ಹಳೆಯ ರ‍್ಯಾಮನ್ನು ಹಾಕಿ ನೋಡಪ್ಪ” ಎಂದೆನು. ಹುಡುಗನು ತಗಡನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು ಅದನ್ನು ಕೂರಿಸಿದನು; ಒಮ್ಮೆ ತೆಗೆದು ಮತ್ತೆ ಒತ್ತಿದನು. ಕಂಬವನ್ನು ಅಲುಗಾಡಿಸಿ ಅಲುಗಾಡಿಸಿ ಹೂಳುವ ಸ್ಥೂಣಾನಿಖನನನ್ಯಾಯವಿದೆಯಷ್ಟೆ, ಹಾಗೆ. ಪರದೆಯು ಕಪ್ಪಾಗಿಯೇ ಇದ್ದಿತು.

ಇನ್ನು ಹಳೆಯ ಪ್ರೊಸೆಸರನ್ನು ಇಡಬೇಕು. ಇದಕ್ಕೆ ಹುಡುಗನು ಹಿಂಜರಿದನು. ಅದಕ್ಕೆ ಕಾರಣವೂ ಇದ್ದಿತು. ಎಎಂ4 ಎಂಬ ಪೀಠದಲ್ಲಿ ಕೂರುವ ಈ ಬಿಲ್ಲೆಯ ತಳದಲ್ಲಿ 1331 ಸಣ್ಣ ಕಡ್ಡಿಗಳಿವೆ. ಒಂದು ಬಾಗಿದರೂ ಅಪಾಯವುಂಟು. ಮೇಲೆ ಕೂರಿಸಿದ ತಂಪುಕಾರಕವು ಲೇಪದಿಂದ ಅಂಟಿಕೊಂಡು, ಎತ್ತುವಾಗ ಬಿಲ್ಲೆಯನ್ನೂ ಕಿತ್ತುಕೊಂಡು ಬರುವುದುಂಟು. “ಮಾವ, ಇದೂ ಹೋದರೆ ಅಕ್ಕನಿಗೆ ಏನು ಹೇಳಲಿ?” ಎಂದನು. ಹೊಸ ಬೋರ್ಡನ್ನು ತಂದರೂ ಈ ಕೆಲಸವನ್ನು ಮಾಡಲೇಬೇಕಲ್ಲವೆ ಎಂದು ನಾನು ಕೇಳಿದೆನು. ಅವನು ತಂಪುಕಾರಕವನ್ನು ಮೆಲ್ಲನೆ ಅತ್ತಿತ್ತ ತಿರುಚಿ ಬಿಡಿಸಿದನು. ಹಳೆಯ ಲೇಪವನ್ನು ಒರೆಸಿ, ಹೊಸದನ್ನು ಕಾಳಿನಷ್ಟು ಇಟ್ಟು, ಹಳೆಯ ಪ್ರೊಸೆಸರಿನೊಡನೆ ಹೊಸ ರ‍್ಯಾಮನ್ನು ಸೇರಿಸಿದನು. ಪರದೆಯು ಬೆಳಗಿತು!

ಈ ಒಂದು ಬೆಳಕಿನಿಂದ ಬೋರ್ಡು, ವಿದ್ಯುತ್ತನ್ನು ಒದಗಿಸುವ ಡಬ್ಬಿ, ಪರದೆ, ಹೊಸ ರ‍್ಯಾಮು ಎಲ್ಲವೂ ನಿರ್ದೋಷಿಗಳೆಂದು ತೀರ್ಮಾನವಾಯಿತು. 11 ಸಾವಿರದ ಮಿಂಚು ಅಲ್ಲಿಗೆ ಮುಗಿಯಿತು. ಹುಡುಗನು ಕೂಡಲೇ, “ಹಾಗಾದರೆ ಹೊಸ ಪ್ರೊಸೆಸರೇ ಕೆಟ್ಟದ್ದು, ವಾಪಸು ಕಳಿಸುತ್ತೇನೆ” ಎಂದನು. ಅನ್ವಯವ್ಯತಿರೇಕವನ್ನು ಕಲಿತವರು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂದು ಹೇಳಿದರೆ ತಾರ್ಕಿಕರು ಒಪ್ಪುವುದಿಲ್ಲ. ಕಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಗೆ ಹಸಿಯ ಸೌದೆಯ ಸಂಬಂಧವೂ ಬೇಕು; ಅದನ್ನು ಉಪಾಧಿಯೆನ್ನುವರು. ಹೊಸ ಪ್ರೊಸೆಸರೆಂಬ ಬೆಂಕಿಯ ಜೊತೆಗೆ ಈ ಪೆಟ್ಟಿಗೆಯಲ್ಲಿ ಹಸಿಯ ಸೌದೆಯು ಯಾವುದು?

ಅದು ಬಯಾಸ್. ಬೋರ್ಡಿನ ಒಂದು ಸಣ್ಣ ಚಿಪ್ಪಿನಲ್ಲಿ ಬರೆದಿಟ್ಟ ಆದೇಶಗಳಿವು. ಗುಂಡಿ ಒತ್ತಿದೊಡನೆ ಮೊದಲು ಎಚ್ಚರಗೊಂಡು, ಪ್ರೊಸೆಸರು ಯಾವುದು, ರ‍್ಯಾಮು ಎಷ್ಟು ಎಂದು ವಿಚಾರಿಸುವುದು ಇವುಗಳ ಕೆಲಸ. (ಈ ಹೆಸರು ಇಂಗ್ಲಿಷಿನ ನಾಲ್ಕು ಪದಗಳ ಮೊದಲಕ್ಷರಗಳಂತೆ. ಗ್ರೀಕಿನಲ್ಲಿ ಇದೇ ಧ್ವನಿಯ ಶಬ್ದಕ್ಕೆ ಜೀವನವೆಂದರ್ಥ. ಅದು ನಮ್ಮ ಜೀವ ಶಬ್ದದ ದಾಯಾದಿಯೇ ಆಗಿದೆ.) ಎಎಂ4 ಪೀಠವುಳ್ಳ ಬೋರ್ಡುಗಳಲ್ಲಿ 2017ರಿಂದ ಹಲವು ಪೀಳಿಗೆಯ ರೈಜನ್‌ಗಳು ಕೂರುತ್ತ ಬಂದವು. 2200ಜಿ ಹೊರಬಂದದ್ದು 2018ರಲ್ಲಿ, 5600ಜಿ 2021ರಲ್ಲಿ. ಬೆಳಗಿದ ಪರದೆಯಲ್ಲಿ ನಮ್ಮ ಬಯಾಸಿನ ತಾರೀಖನ್ನು ಓದಿಸಿದೆನು: 2019. ಆಗ ಹುಟ್ಟಿಯೇ ಇರದ ಅತಿಥಿಯನ್ನು ಅದು ಗುರುತಿಸುವುದು ಹೇಗೆ? ಬಾಗಿಲಿಗೆ ಬಿಲ್ಲೆಯ ಆಕಾರವು ಸರಿಹೊಂದಿತ್ತು, ಬಾಗಿಲು ಕಾಯುವವನಿಗೆ ಹೆಸರು ತಿಳಿದಿರಲಿಲ್ಲ.

2018ರಲ್ಲಿ ಹಳೆಯ ಬಯಾಸಿನ ಬೋರ್ಡನ್ನು ಕೊಂಡು ಇದೇ ಇಕ್ಕಟ್ಟಿಗೆ ಸಿಕ್ಕಿದವರಿಗೆ ಎ.ಎಂ.ಡಿ. ಸಂಸ್ಥೆಯವರು ಹಳೆಯ ಪ್ರೊಸೆಸರೊಂದನ್ನು ಎರವಲು ಕಳುಹಿಸುತ್ತಿದ್ದರಂತೆ. ನಮ್ಮಲ್ಲಿ ಅದು ಮನೆಯಲ್ಲೇ ಇದ್ದಿತು. ಮಗಳ ಪುಟಗಳನ್ನೆಲ್ಲ ಮೊದಲು ಬೇರೆ ಡಿಸ್ಕಿಗೆ ಪ್ರತಿ ಮಾಡಿಸಿದೆನು. ಅದಾದ ಮೇಲೆಯೇ ಮುಂದಿನ ಮಾತು. ಬೋರ್ಡಿನ ತಯಾರಕರು ಕೊಡುವ ಹೊಸ ಬಯಾಸನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು, ಯುಪಿಎಸ್ಸಿಗೆ ಯಂತ್ರವನ್ನು ಜೋಡಿಸಿದೆವು. ಬರೆಯುವ ನಡುವೆ ಕರೆಂಟು ಹೋದರೆ ಬೋರ್ಡು ನಿಜವಾಗಿಯೂ ನಿಷ್ಪ್ರಯೋಜಕವಾಗಬಹುದು. ಆ ಕೆಲವು ನಿಮಿಷಗಳಲ್ಲಿ ಮನೆಯಲ್ಲಿ ಯಾರೂ ಸ್ವಿಚ್ಚನ್ನು ಮುಟ್ಟಲಿಲ್ಲ. ಮಗುವನ್ನು ನಮ್ಮಾಕೆಯು ಎತ್ತಿಕೊಂಡು ಅಂಗಳದಲ್ಲಿ ನಿಂತಿದ್ದಳು.

ಮತ್ತೆ ಹೊಸ ಪ್ರೊಸೆಸರನ್ನು ಕೂರಿಸಿದೆವು. ಪರದೆಯು ಕೊಂಚ ಹೊತ್ತು ಕಪ್ಪಾಗಿದ್ದಿತು. ಮೊದಲ ಸಾರಿ ರ‍್ಯಾಮನ್ನು ಪರಿಚಯ ಮಾಡಿಕೊಳ್ಳಲು ಅದಕ್ಕೆ ಹೆಚ್ಚು ಕಾಲ ಬೇಕಂತೆ. ಆರಿಸಹೊರಟ ಹುಡುಗನ ಕೈಯನ್ನು ನಾನು ಹಿಡಿದೆನು. ಆಮೇಲೆ ಅಕ್ಷರಗಳು ಮೂಡಿದವು: ಪ್ರೊಸೆಸರು ಬದಲಾಗಿದೆ, ಭದ್ರತೆಯ ಹಳೆಯ ದಾಖಲೆಯನ್ನು ಅಳಿಸಲೇ, ವೈ ಅಥವಾ ಎನ್ ಒತ್ತಿರಿ ಎಂದು. ಬಿಟ್‌ಲಾಕರ್ ಎಂಬ ಬೀಗವನ್ನು ಡಿಸ್ಕಿಗೆ ಹಾಕಿದ್ದು, ಅದರ 48 ಅಂಕೆಗಳ ಕೀಲಿಯನ್ನು ಬರೆದಿಡದವರು ಇಲ್ಲಿ ಅವಸರದಿಂದ ವೈ ಒತ್ತಿದರೆ ತಮ್ಮ ಕಡತಗಳಿಗೆ ತಾವೇ ಪರಕೀಯರಾಗಬೇಕಾದೀತು. ನಮ್ಮದಕ್ಕೆ ಬೀಗವಿರಲಿಲ್ಲ. ಆದರೂ ಎನ್ ಒತ್ತಿಸಿದೆನು.

ಮಗಳು ಬಂದು ಕುಳಿತು ಗ್ರಂಥವನ್ನು ತೆರೆದಳು. “ಅಪ್ಪ, ಎಲ್ಲ ಪುಟವೂ ಇದೆ” ಎಂದವಳು ಅರ್ಧಕ್ಕೆ ನಿಂತಿದ್ದ 212ನೆಯ ಪುಟದಿಂದ ಕೆಲಸವನ್ನು ಹಿಡಿದಳು. ಹಳೆಯ ಪ್ರೊಸೆಸರನ್ನು ಮಾರಿದರೆ ಒಂದಿಷ್ಟು ಹಣ ಬರುವುದೆಂದು ಹುಡುಗನು ಹೇಳಿದನು. ನಾನು ಬೇಡವೆಂದು ಅದನ್ನು ಅದರ ಪೆಟ್ಟಿಗೆಯಲ್ಲೇ ಇಡಿಸಿ, ಬೀರುವಿನಲ್ಲಿ ಪಂಚಾಂಗದ ಪಕ್ಕದಲ್ಲಿ ಇರಿಸಿದ್ದೇನೆ.