ತ್ಯಾಗಿಯ ದಾರಿ, ಗೃಹಸ್ಥನ ಅಂಗಡಿ

ಇಟಲಿಯ ಅಸ್ಸಿಸಿ ನಗರದ ಜವಳಿ ವರ್ತಕ ಪಿಯೆತ್ರೋ ಬರ್ನಾರ್ದೋನೆಯ ಮಗ ಫ್ರಾನ್ಸಿಸ್, ಹದಿಮೂರನೆಯ ಶತಮಾನದ ಆರಂಭದಲ್ಲಿ ಬಿಷಪ್ಪರ ಸಮ್ಮುಖದಲ್ಲಿ ಮೈಮೇಲಿನ ಉಡುಪನ್ನೂ ಕಳಚಿ ತಂದೆಗೆ ಒಪ್ಪಿಸಿ ಹೊರನಡೆದನು. 1226ರಲ್ಲಿ ದೇಹ ಬಿಡುವವರೆಗೂ ಬಡತನವೇ ಅವನ ವ್ರತವಾಗಿತ್ತು. ಅವನನ್ನು ಅನುಸರಿಸಿದ ಸಂನ್ಯಾಸಿಗಳ ಮಾರ್ಗ ಕಠಿಣವಾದರೂ ಸ್ಪಷ್ಟವಾದುದು. ಆದರೆ ಮಡದಿ ಮಕ್ಕಳನ್ನು ಸಲಹಬೇಕಾದ, ಅಂಗಡಿಯ ಬಾಗಿಲು ತೆರೆಯಲೇಬೇಕಾದ ಗೃಹಸ್ಥನು ಏನು ಮಾಡಬೇಕು? ಎಲ್ಲವನ್ನೂ ಬಿಡಲಾಗದೆಂಬ ನೆಪದಿಂದ ಏನನ್ನೂ ಬಿಡದಿರುವುದು ಗೃಹಸ್ಥನ ಸುಲಭ ಸಮಾಧಾನ.

ಈ ಸಮಾಧಾನವನ್ನು ಒಪ್ಪದವನು ಪೊಗ್ಗಿಬೊನ್ಸಿ ಎಂಬ ಊರಿನ ಲುಕೇಸಿಯೋ. ಧಾನ್ಯವನ್ನು ಕೂಡಿಟ್ಟು, ಬೆಲೆ ಏರಿದಾಗ ಮಾರಿ ಹಣ ಗಳಿಸಿದ ವರ್ತಕನು ಆತನೆಂದು ಪರಂಪರೆ ಹೇಳುತ್ತದೆ. ಮನಸ್ಸು ತಿರುಗಿದ ಮೇಲೆ ಆತ ಸಂಪತ್ತನ್ನು ಬಡವರಿಗೆ ಹಂಚಿ, ಸ್ವಲ್ಪ ಭೂಮಿಯನ್ನಷ್ಟೇ ಉಳಿಸಿಕೊಂಡು ಸ್ವಂತ ದುಡಿಮೆಯಿಂದ ಬದುಕಿದನು. ಪತ್ನಿ ಬುವೊನಾಡೊನ್ನಾ ಮೊದಲು ವಿರೋಧಿಸಿದಳಂತೆ. ಬಳಿಕ ಆಕೆಯೂ ಸಹಧರ್ಮಿಣಿಯಾಗಿ ಜೊತೆಗೂಡಿದಳು. ದಂಪತಿಗಳು ಮನೆ ಬಿಡಲಿಲ್ಲ. ಮನೆಯ ಬಾಗಿಲನ್ನು ರೋಗಿಗಳಿಗೂ ಹಸಿದವರಿಗೂ ತೆರೆದರು. 1260ರಲ್ಲಿ ಇಬ್ಬರೂ ಒಂದೇ ದಿನ ತೀರಿಕೊಂಡರೆಂಬ ಪ್ರತೀತಿಯಿದೆ.

ಇಂತಹ ಗೃಹಸ್ಥರಿಗಾಗಿ 1221ರಲ್ಲಿ ರೂಪುಗೊಂಡ ನಿಯಮಾವಳಿ ಗಮನಾರ್ಹವಾದುದು. ಬಣ್ಣ ಹಾಕದ ಅಗ್ಗದ ಬಟ್ಟೆ ಉಡಬೇಕು. ಅದರ ಬೆಲೆಗೂ ಮಿತಿಯುಂಟು. ಪ್ರಾಣಹಾರಿ ಆಯುಧ ಹಿಡಿಯಬಾರದು. ಸೇರುವವನು ಸಾಲ ತೀರಿಸಿ, ಪರರ ಸ್ವತ್ತನ್ನು ಹಿಂತಿರುಗಿಸಿ, ನೆರೆಯವರೊಡನೆ ವೈರವಿದ್ದರೆ ರಾಜಿಯಾಗಬೇಕು. ಸೇರಿದ ಮೂರು ತಿಂಗಳೊಳಗೆ ಉಯಿಲು ಬರೆಯಬೇಕು. ಶ್ರಾವಕರ ಪರಿಗ್ರಹ ಪರಿಮಾಣವನ್ನು ಬಲ್ಲವರಿಗೆ ಈ ಮಿತಿಗಳ ಆಶಯ ಅಪರಿಚಿತವೆನಿಸದು. ಇಲ್ಲಿ ಮೊದಲು ತೆರೆಯಬೇಕಾದುದು ಲೆಕ್ಕದ ಪುಸ್ತಕ. ಋಣ ತೀರದವನ ದಾನ ಪರರ ಹಣದಿಂದ ಕೊಂಡ ಪುಣ್ಯವಷ್ಟೆ.

ಈ ಗೃಹಸ್ಥ ಸಂಘ ಇಂದಿಗೂ ಹಲವು ದೇಶಗಳಲ್ಲಿದೆ. 1978ರಲ್ಲಿ ಪೋಪ್ ಆರನೆಯ ಪೌಲರು ಅನುಮೋದಿಸಿದ ನಿಯಮದಂತೆ ಸದಸ್ಯರು ತಮ್ಮ ಮನೆಗಳಲ್ಲೇ, ತಮ್ಮ ಉದ್ಯೋಗಗಳಲ್ಲೇ ಇದ್ದು ಅಗತ್ಯಗಳನ್ನು ಸರಳಗೊಳಿಸಿಕೊಳ್ಳಬೇಕು. ಸಂಪತ್ತಿಗೆ ತಾವು ಒಡೆಯರಲ್ಲ, ಪಾರುಪತ್ಯಗಾರರು ಮಾತ್ರವೆಂದು ತಿಳಿಯಬೇಕು. ಸಜೀವ ನಿರ್ಜೀವ ಸೃಷ್ಟಿಯೆಲ್ಲವನ್ನೂ ಗೌರವಿಸಬೇಕು.

ದಿನನಿತ್ಯದಲ್ಲಿ ಇದರ ಅರ್ಥವೇನು? ಕೊರತೆಯ ಕಾಲದಲ್ಲಿ ದಾಸ್ತಾನು ಅಡಗಿಸದಿರುವುದು. ಸಣ್ಣ ಪೂರೈಕೆದಾರನಿಗೆ ಸಲ್ಲಬೇಕಾದ ಹಣವನ್ನು ತಿಂಗಳುಗಟ್ಟಲೆ ತಡೆಹಿಡಿದು, ಅದರ ಬಡ್ಡಿಯಲ್ಲಿ ಅಮೃತಶಿಲೆಯ ಫಲಕಕ್ಕೆ ಹೆಸರು ಕೆತ್ತಿಸದಿರುವುದು. ಹೊಸದೊಂದನ್ನು ಕೊಳ್ಳುವ ಮುನ್ನ, ಹಳೆಯದು ಕೆಟ್ಟಿದೆಯೇ ಅಥವಾ ಮನಸ್ಸು ಮಾತ್ರ ಬೇಸತ್ತಿದೆಯೇ ಎಂದು ವಿಚಾರಿಸುವುದು. ಮಕ್ಕಳಲ್ಲಿ ಆಸ್ತಿಗಾಗಿ ವೈರ ಹುಟ್ಟದಂತೆ ಆರೋಗ್ಯವಿದ್ದಾಗಲೇ ಉಯಿಲು ಬರೆದಿಡುವುದು.

ಫ್ರಾನ್ಸಿಸ್ ಒಂದೇ ದಿನದಲ್ಲಿ ಎಲ್ಲವನ್ನೂ ಕಳಚಿಟ್ಟನು. ಗೃಹಸ್ಥನಿಗೆ ಆ ದಿನ ಬಾರದಿರಬಹುದು. ಆದರೆ ಪ್ರತಿ ಸಂಜೆ ಲೆಕ್ಕ ಮುಚ್ಚುವಾಗ, ಇದರಲ್ಲಿ ತನ್ನದಲ್ಲದ್ದು ಎಷ್ಟಿದೆ ಎಂದು ಕೇಳಿಕೊಳ್ಳುವ ಅವಕಾಶ ಅವನಿಗೆ ದಿನವೂ ಇದೆ. ಆ ಪ್ರಶ್ನೆಯನ್ನು ತಪ್ಪಿಸದವನಿಗೆ ಅಂಗಡಿಯೂ ಸಾಧನೆಯ ಸ್ಥಳವಾಗುತ್ತದೆ.