ಹಲಗೆಯ ಮೇಲಿನ ಲೆಕ್ಕ

ಹೋದ ವರ್ಷ ನನ್ನ ಕ್ಲಾಸಿನ 38 ಮಕ್ಕಳ ಅಂಕ ಕೂಡಿಸಲು ಜಾವಾಸ್ಕ್ರಿಪ್ಟಿನಲ್ಲಿ ನಾನೇ ಒಂದು ಪುಟ ಬರೆದೆ. ಟಿಸಿಎಚ್‌ನಲ್ಲಾಗಲಿ ಬಿಎಯಲ್ಲಾಗಲಿ ಇದನ್ನು ಕಲಿತವನಲ್ಲ. ಆ ಭಾಷೆಯ ಮೂಲ ಪದಗಳು ಇಂಗ್ಲಿಷಿನವೇ, ಆದರೆ ನಾವು ಇಡುವ ಹೆಸರುಗಳು ಕನ್ನಡದಲ್ಲೂ ಇರಬಹುದು ಅಂತ ಗೊತ್ತಾದಾಗ ಕಾಸರಗೋಡಿನ ಕನ್ನಡ ಮಾಷ್ಟ್ರಿಗೆ ಎಷ್ಟು ಖುಷಿಯಾಗಿರಬೇಡ! 'ವಿದ್ಯಾರ್ಥಿ' ಎಂಬ ಕನ್‌ಸ್ಟ್ರಕ್ಟರ್ ಮಾಡಿ, ಅದರೊಳಗೇ ಒಟ್ಟು, ಸರಾಸರಿ, ದರ್ಜೆ ಎಂಬ ಮೂರು ಮೆಥಡ್ ಬರೆದೆ.

ಅಂಕವೆಲ್ಲ ತುಂಬಿಸಿದ ಮೇಲೆ ಒಂದು ತಪ್ಪು ಕಂಡಿತು. ಪರೀಕ್ಷೆಗೆ ಬಾರದವರಿಗೆ ನನ್ನ ಸರಾಸರಿ ಸೊನ್ನೆ ಹಾಕಿ ಭಾಗಿಸುತ್ತಿತ್ತು. ಮೆಥಡನ್ನು ಪ್ರೋಟೋಟೈಪಿನಲ್ಲಿ ತಿದ್ದಿದರೆ ಈಗಾಗಲೇ ಇರುವ ಆಬ್ಜೆಕ್ಟುಗಳಿಗೂ ತಲುಪುತ್ತದೆ ಎಂದು ಎಲ್ಲೋ ಓದಿದ್ದೆ. ತುಂಬಿಸಿದ ಅಂಕ ಕಳೆದುಹೋಗಬಾರದೆಂದು, ಪುಟ ಮುಚ್ಚದೆ ಬ್ರೌಸರಿನ ಕನ್ಸೋಲಿನಲ್ಲಿ ಹಾಗೇ ತಿದ್ದಿದೆ. ತಪ್ಪೇನೂ ತೋರಿಸಲಿಲ್ಲ. ಸರಿಯಾಯಿತೆಂದು ಪ್ರಗತಿ ಪತ್ರಕ್ಕೆ ಬರೆದುಕೊಂಡೆ.

ಮರುದಿನ ಒಬ್ಬಳು ಹುಡುಗಿ ಮೇಜಿನ ಹತ್ತಿರ ಬಂದು ನಿಂತಳು. "ಮಾಷ್ಟ್ರೇ, ನನಗೆ ಜ್ವರ ಇತ್ತಲ್ಲ?" 50ಕ್ಕೆ 40 ಮತ್ತು 38 ತೆಗೆದವಳ ಸರಾಸರಿ 39 ಆಗಬೇಕಿತ್ತು. ನಾನು ಬರೆದದ್ದು 26. ಅಪ್ಪನ ಸಹಿ ಹಾಕಿಸಲು ಹೆದರಿ ಪತ್ರವನ್ನು ಚೀಲದಲ್ಲೇ ಇಟ್ಟುಕೊಂಡಿದ್ದಳು.

ಸಂಜೆ ಹಳೆಯ ಶಿಷ್ಯನೊಬ್ಬನಿಗೆ ಫೋನ್ ಮಾಡಿದೆ. "ಮಾಷ್ಟ್ರೇ, ಜಾವಾಸ್ಕ್ರಿಪ್ಟ್ ಮೊದಲು ಆಬ್ಜೆಕ್ಟಿನ ಒಳಗೇ ಹುಡುಕುತ್ತದೆ. ಅಲ್ಲಿ ಸಿಗದಿದ್ದರೆ ಮಾತ್ರ ಪ್ರೋಟೋಟೈಪಿಗೆ ಹೋಗುತ್ತದೆ. ನೀವು ಪ್ರತಿಯೊಬ್ಬರ ಕೈಗೂ ಒಂದೊಂದು ಪ್ರತಿ ಕೊಟ್ಟುಬಿಟ್ಟಿದ್ದೀರಿ" ಅಂದ.

ಆಗ ಅರ್ಥವಾಯಿತು. ಕನ್‌ಸ್ಟ್ರಕ್ಟರಿನೊಳಗೆ ಬರೆದ ಮೆಥಡ್ ಎಂದರೆ ಮಕ್ಕಳು ಪುಸ್ತಕದಲ್ಲಿ ಬರೆದುಕೊಂಡ ಲೆಕ್ಕ. ನಾನು ಹಲಗೆಯ ಮೇಲೆ ತಿದ್ದಿದ್ದೆ, 38 ಪುಸ್ತಕಗಳಲ್ಲಿ ಹಳೆಯದೇ ಉಳಿದಿತ್ತು. 38 ಮಕ್ಕಳಿಗೆ ಮೂರರಂತೆ 114 ಫಂಕ್ಷನ್! ಮೂರನ್ನೂ ಪ್ರೋಟೋಟೈಪಿನಲ್ಲೇ ಬರೆದಿದ್ದರೆ ಮೂರೇ ಸಾಕಿತ್ತು, ಒಂದೇ ಕಡೆ ತಿದ್ದಿದರೆ ಎಲ್ಲರಿಗೂ ತಲುಪುತ್ತಿತ್ತು. 2015ರಲ್ಲಿ ಬಂದ 'ಕ್ಲಾಸ್' ಬರವಣಿಗೆಯೂ ಮೆಥಡುಗಳನ್ನು ಪ್ರೋಟೋಟೈಪಿನಲ್ಲೇ ಇಡುತ್ತದೆ.

ಹಾಗೆಂದು ಕನ್‌ಸ್ಟ್ರಕ್ಟರಿನೊಳಗೆ ಮೆಥಡ್ ಬರೆಯುವುದೇ ತಪ್ಪಲ್ಲ. ಅದರೊಳಗಿನ ಸ್ಥಳೀಯ ವೇರಿಯಬಲ್ ಹೊರಗೆ ಬರೆದ ಪ್ರೋಟೋಟೈಪ್ ಮೆಥಡಿಗೆ ಕಾಣುವುದಿಲ್ಲ. ಅಂಥದ್ದು ಬೇಕಾದಾಗ ಒಳಗೇ ಬರೆಯಬೇಕು. ನನ್ನ ಸರಾಸರಿಗೆ ಅದರ ಅಗತ್ಯವಿರಲಿಲ್ಲ.

ಪುಟವನ್ನು ಹೊಸದಾಗಿ ಬರೆದು ಅಂಕಗಳನ್ನು ಮತ್ತೆ ತುಂಬಿಸಿದೆ. ಪ್ರಗತಿ ಪತ್ರಗಳನ್ನು ಮಾತ್ರ ಒಂದೊಂದಾಗಿ ಕೈಯಲ್ಲೇ ತಿದ್ದಬೇಕಾಯಿತು. ಮೊದಲು ತಿದ್ದಿದ್ದು ಆ ಹುಡುಗಿಯದ್ದು.